ನೋಟಪಟದಲ್ಲಿ ಒಂದು ಚುಕ್ಕಿ

ಜನ ನೋಡಿದ್ದನ್ನು ಹಿಗ್ಗಿಸುವ, ನೋಡದ್ದನ್ನು ಕುಗ್ಗಿಸುವ ಪೋಸ್ಟರೊಂದು ಕೈಗೆ ಸಿಕ್ಕರೆ ವಿಜ್ಞಾನಿಗಳು ಏನು ಮಾಡಿಯಾರು? ಒಂದು ದಿನ ಸಂತೋಷಪಡುತ್ತಾರೆ. ಮರುದಿನ ತಮ್ಮದಕ್ಕಿಂತ ಪಕ್ಕದವರ ಪೋಸ್ಟರಿಗೆ ಯಾಕೆ ಜನ ಹೆಚ್ಚು ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. ಮೂರನೆಯ ದಿನ, ಜನ ಏನನ್ನು ನೋಡುತ್ತಾರೋ ಅದರ ಮೇಲೆಯೇ ಸಂಶೋಧನೆ ಶುರು ಮಾಡುತ್ತಾರೆ. ನೋಟಪಟ ಬಂದ ಮೇಲೆ ನಡೆದದ್ದು ಇಷ್ಟೇ.

ಅದಕ್ಕೂ ಮುಂಚೆ ಸಂಶೋಧನಾ ಪೋಸ್ಟರ್ ಎಂದರೆ ಹೇಗಿರುತ್ತಿತ್ತು ಎಂದು ಬಲ್ಲವರು ಬಲ್ಲರು. ಬಾಗಿಲಗಲದ ಹಾಳೆ, ಅದರ ತುಂಬ ಇರುವೆ ಸಾಲಿನಂಥ ಅಕ್ಷರ, ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತ ಸಂಶೋಧಕ, ಅವನ ಕಣ್ಣು ತಪ್ಪಿಸಿ ಊಟದ ಸಾಲಿನ ಕಡೆ ಹೊರಟ ಜನ. ಒಂದು ವರ್ಷದ ದುಡಿಮೆಯನ್ನು ನೋಡಲು ಯಾರಿಗೂ ಅರ್ಧ ನಿಮಿಷ ಪುರುಸೊತ್ತಿಲ್ಲ. ಈ ಸಂಕಟಕ್ಕೆ ಮದ್ದು ಎಂದೇ ನೋಟಪಟ ಹುಟ್ಟಿತು.

ಅದು ಹಪ್ಪಳದಷ್ಟು ತೆಳುವಾದ ಹಾಳೆ. ಅದರ ಮೈತುಂಬ ಬೆಳಕನ್ನು ಹಿಡಿಯುವ ಸಣ್ಣ ಕಣಗಳು. ಎದುರಿಗೆ ನಿಂತವರ ಕಣ್ಣುಗುಡ್ಡೆ ಎಲ್ಲಿ ನೆಟ್ಟಿದೆ, ಎಷ್ಟು ಹೊತ್ತು ನೆಟ್ಟಿದೆ ಎಂದು ಆ ಕಣಗಳಿಗೆ ತಿಳಿಯುತ್ತದೆ. ಪಟದ ಮೇಲಿನ ಪ್ರತಿಯೊಂದು ಚಿತ್ರಕ್ಕೂ ಸಾಲಿಗೂ ಒಂದು ತೂಕ. ನೋಡಿಸಿಕೊಂಡದ್ದರ ತೂಕ ಏರುತ್ತದೆ, ನೋಡಿಸಿಕೊಳ್ಳದ್ದರದು ಇಳಿಯುತ್ತದೆ. ತೂಕ ಏರಿದ್ದು ಉಬ್ಬಿ ಮುಂದೆ ಬರುತ್ತದೆ, ಇಳಿದದ್ದು ಸಾಸಿವೆಯಷ್ಟಾಗಿ ಕೊನೆಗೆ ಹಿನ್ನೆಲೆಯ ಬಿಳುಪಿನಲ್ಲಿ ಕರಗುತ್ತದೆ. ಅಳಿಸಿಹೋಗುವುದಿಲ್ಲ, ಕಾಣುವುದಿಲ್ಲ ಅಷ್ಟೇ.

ಸಮ್ಮೇಳನಕ್ಕೆ ಮುಂಚೆ ಪಟವನ್ನು ಒಂದಷ್ಟು ಜನರ ಮುಂದೆ ಹಿಡಿದು ಪಳಗಿಸಬೇಕು. ಪಳಗಿದ್ದು ಹಿಡಿಸದಿದ್ದರೆ ಒಂದು ಸಲ, ಒಂದೇ ಸಲ, ಮೊದಲಿನ ಸ್ಥಿತಿಗೆ ತರಬಹುದು. ಆಮೇಲೆ ಸಂಘಟಕರು ಮೊಹರು ಹಾಕುತ್ತಾರೆ. ಮಾಡಿದವರ ಕೈ ಅದರ ಮೇಲೆ ಓಡುವಂತಿಲ್ಲ, ನೋಡುವವರ ಕಣ್ಣು ಮಾತ್ರ ಓಡುತ್ತಲೇ ಇರುತ್ತದೆ. ಮಾಡಿದವರ ಕಣ್ಣಂತೂ ಪಳಗಿಸುವಾಗಿನಿಂದಲೇ ಲೆಕ್ಕಕ್ಕಿಲ್ಲ. ಯಾಕೆಂದರೆ ಮೊದಲ ವರ್ಷ ಒಬ್ಬ ಪಂಡಿತರು ಬಾಗಿಲು ಹಾಕಿಕೊಂಡು ತಮ್ಮ ಹೆಸರನ್ನೇ ದಿಟ್ಟಿಸುತ್ತ ಕೂತು, ಬೆಳಗಾಗುವುದರೊಳಗೆ ಪಟದಲ್ಲಿ ಹೆಸರು ಬಿಟ್ಟರೆ ಬೇರೇನೂ ಇಲ್ಲದಂತೆ ಮಾಡಿಕೊಂಡಿದ್ದರು.

ಧಾರವಾಡದ ಕಸ್ತೂರಿ ಬೆಟಗೇರಿ ಇಂಥ ಪಟವೊಂದನ್ನು ಮೊದಲ ಸಲ ಮಾಡುತ್ತಿದ್ದಳು. ಅವಳದು ನೀರಿನ ಕೆಲಸ. ಗುರುಗಳಾದ ಪ್ರೊಫೆಸರ್ ಇನಾಮದಾರರು ಹತ್ತು ವರ್ಷ ಹಿಂದೆ ಹಿಡಿದ ಎಳೆಯನ್ನು ಅವಳು ತುದಿಮುಟ್ಟಿಸಿದ್ದಳು: ಬೆರಳುದ್ದದ ಗುಲಾಬಿ ಬಣ್ಣದ ಕಾಗದದ ಪಟ್ಟಿ. ಕುಡಿಯುವ ನೀರಿಗೆ ಅದ್ದಿದರೆ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ಪಟ್ಟಿಯ ಬಣ್ಣ ಬಿಟ್ಟುಹೋಗಿ ಹಳದಿಯಾಗುತ್ತದೆ. ಗುಲಾಬಿ ಗುಲಾಬಿಯಾಗಿಯೇ ಉಳಿದರೆ ಧೈರ್ಯವಾಗಿ ಕುಡಿಯಬಹುದು. ಹಲ್ಲು ಕಂದಾಗುವ, ಮೂಳೆ ಸೊಟ್ಟಗಾಗುವ ಕಾಯಿಲೆಗೆ ಮನೆಬಾಗಿಲಲ್ಲೇ ಕಾವಲು. ನಲವತ್ತು ಊರುಗಳ ಶಾಲೆಯ ನಲ್ಲಿಯಿಂದ ನೀರು ತಂದು ಪಟ್ಟಿಯ ಉತ್ತರವನ್ನೂ ಪ್ರಯೋಗಾಲಯದ ಯಂತ್ರದ ಉತ್ತರವನ್ನೂ ಹೋಲಿಸಿದ್ದಳು. ಆ ಹೋಲಿಕೆಯ ನಕ್ಷೆಯಲ್ಲಿ, ಅಂದರೆ ಗ್ರಾಫಿನಲ್ಲಿ, ಒಂದೊಂದು ಊರಿಗೆ ಒಂದೊಂದು ಚುಕ್ಕಿ. ಎಲ್ಲ ಚುಕ್ಕಿಗಳೂ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಒಂದೇ ಗೆರೆಯ ಮೇಲೆ ನಿಂತಿದ್ದವು.

ಒಂದನ್ನು ಬಿಟ್ಟು.

ಆ ಒಂದು ಚುಕ್ಕಿ ಗೆರೆ ಬಿಟ್ಟು ದೂರ ಮೇಲೆ ನಿಂತಿತ್ತು. ಅದು ಬಿಳಿಗಲ್ಲಕೊಪ್ಪ ಎಂಬ ಊರಿನದು. ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ದುಪ್ಪಟ್ಟಿದೆ ಎಂದು ಯಂತ್ರ ಹೇಳಿತು. ಪಟ್ಟಿ ಮಾತ್ರ ಗುಲಾಬಿಯಾಗಿಯೇ ಇದ್ದು, ಕುಡಿಯಿರಿ ಎಂದಿತು. ಅದೇ ಬಾಟಲಿಯ ನೀರಿನಲ್ಲಿ ಮತ್ತೆ ಮತ್ತೆ ಅದ್ದಿದರೂ ಅದೇ ಉತ್ತರ. ಚಳಿಗಾಲದಲ್ಲಿ ಇನ್ನೊಮ್ಮೆ ಹೋಗಿ ಅದೇ ನಲ್ಲಿಯ ನೀರು ತಂದರೆ, ಪಟ್ಟಿ ಏನೂ ಆಗಿಲ್ಲವೆಂಬಂತೆ ಸರಿಯಾಗಿ ಬಣ್ಣ ಬಿಟ್ಟಿತು. ಕಸ್ತೂರಿಗೆ ಇದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತಾಗಿ, ಊಟ ಮಾಡುವಾಗಲೂ ಮನಸ್ಸು ಅಲ್ಲಿಗೇ ಹೋಗುತ್ತಿತ್ತು. ಯಾಕೆ? ಒಂದೇ ನಲ್ಲಿ, ಒಂದೇ ಪಟ್ಟಿ, ಒಮ್ಮೆ ಸುಳ್ಳು, ಒಮ್ಮೆ ಸತ್ಯ. ಯಾಕೆ?

ಪಟದ ನಕ್ಷೆಯಲ್ಲಿ ಆ ಚುಕ್ಕಿಯನ್ನು ಇಟ್ಟು, ಕೆಳಗೆ ಒಂದು ಸಾಲು ಬರೆದಳು: "ಈ ಊರಿನಲ್ಲಿ ಪಟ್ಟಿ ತಪ್ಪಿತು. ಯಾಕೆ ಎಂದು ನಮಗೆ ಗೊತ್ತಾಗಿಲ್ಲ."

ಇನಾಮದಾರರು ಕನ್ನಡಕ ಹಣೆಗೇರಿಸಿ ಓದಿದರು. "ಇದು ಬೇಕಾ ಕಸ್ತೂರಿ? ಬಾಟಲಿ ಹೊಲಸಿತ್ತೋ ಏನೋ. ಒಂದರ ಸಲುವಾಗಿ ಉಳಿದವೆಲ್ಲಾ ಮಂಕಾಗತಾವ."

"ಬಾಟಲಿ ನಾನ ತೊಳದಿದ್ದೆ ಸರ. ಸಮ್ಮೇಳನಕ್ಕ ನೂರಾರು ಮಂದಿ ಬರ್ತಾರ. ಅದರಾಗ ಒಬ್ಬರಿಗರ ಗೊತ್ತಿರಬಹುದಲ್ರಿ, ಯಾಕ ಅಂತ?"

"ಗೊತ್ತಿಲ್ಲ ಅಂತ ನಾವ ಹಣಿ ಮ್ಯಾಲೆ ಬರಕೊಂಡು ನಿಂತ್ರ, ನೀರಿನ ಸಮಿತಿಯವರು ಏನಂದಾರು?"

ಮಾತು ಇದ್ದದ್ದು ಅಲ್ಲಿಯೇ. ಜಿಲ್ಲೆಯ ಎಲ್ಲ ಶಾಲೆಗಳಿಗೂ ಒಂದು ಪರೀಕ್ಷಾ ಪಟ್ಟಿಯನ್ನು ಆರಿಸಲು ಕುಡಿಯುವ ನೀರಿನ ಸಮಿತಿಯೊಂದು ಸಮ್ಮೇಳನಕ್ಕೆ ಬರುವುದಿತ್ತು. ಅವರು ಪ್ರಬಂಧ ಓದುವವರಲ್ಲ, ಪಟ ನೋಡಿ ತೀರ್ಮಾನ ಮಾಡುವವರು. ಪಟ ಮಾಡಿದವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ತಾವಾಗಿ ಬಾಯಿ ಬಿಟ್ಟರೆ ಪಟ ಇಳಿಸುತ್ತಾರೆ. ಮಾತಿನಮಲ್ಲರು ಬಹುಮಾನ ಹೊಡೆಯುತ್ತಿದ್ದ ಕಾಲಕ್ಕೆ ಬೇಸತ್ತು ಮಾಡಿದ ನಿಯಮ. ಆರಿಸಿದರೆ ಮುಂದಿನ ವಾರದಿಂದಲೇ ಪಟ್ಟಿ ಶಾಲೆಗಳಿಗೆ ಹೊರಡುತ್ತದೆ. ತಪ್ಪಿದ್ದು ಯಾಕೆ ಎಂದು ತಿಳಿಯದೆಯೇ ಹೊರಡುತ್ತದೆ. ಇನ್ನೆಷ್ಟು ನಲ್ಲಿಗಳ ಮುಂದೆ ಅದು ಗುಲಾಬಿಯಾಗಿ ನಗುತ್ತ ಕುಡಿಯಿರಿ ಎನ್ನುತ್ತದೋ ಎಂಬುದೇ ಕಸ್ತೂರಿಯ ಚಿಂತೆ.

ಇನಾಮದಾರರು ಕೆಟ್ಟವರಲ್ಲ. "ಇರಲಿ ಬಿಡು. ಅಳಸು ಅಂತ ನಾ ಹೇಳೂದಿಲ್ಲ" ಎಂದು ಎದ್ದುಹೋದರು.

ಪಟವನ್ನು ಪಳಗಿಸಲು ಜನ ಬೇಕಲ್ಲ? ಆ ವಾರ ಮನೆಯಲ್ಲಿ ನಾದಿನಿಯ ಸೀಮಂತ, ನಮ್ಮ ಕಡೆಯ ಮಾತಿನಲ್ಲಿ ಕುಬಸದ ಕಾರ್ಯ. ಬೀಗರು, ಬಿಜ್ಜರು, ಓಣಿಯವರು ಎಲ್ಲ ಸೇರುತ್ತಾರೆ. ಪಟ ನೋಡಲು ಕರೆಯದೆಯೇ ಬಂದ ಕಣ್ಣುಗಳು. ಹಾಲಿನ ಗೋಡೆಗೆ ಪಟ ತೂಗುಹಾಕಿದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ ಎಂದು ಕಸ್ತೂರಿ ಲೆಕ್ಕ ಹಾಕಿದಳು. ವಿಜ್ಞಾನ ಬಲ್ಲವಳು, ಆದರೆ ಬೀಗರನ್ನು ಮರೆತಳು.

ಬಂದವರು ಪಟದ ಮುಂದೆ ನಿಂತದ್ದು ನಿಜ. ಆದರೆ ನೋಡಿದ್ದು ಏನನ್ನು? "ನಮ್ಮ ಚನ್ನವೀರನ ಹೇಂತಿ ಹೆಸರು ನೋಡವ್ವಾ!" "ಫೋಟೋದಾಗ ಭಾಳ ಸೊರಗ್ಯಾಳಲ್ಲ?" "ಈ ಸೀರಿ ಯಾವಾಗ ತಗೊಂಡಿ?" ನಾದಿನಿಗೆ ಹಸಿರು ಕುಬಸ ತೊಡಿಸಿ ಆರತಿ ಎತ್ತುವ ಹೊತ್ತಿಗೆ ಕಸ್ತೂರಿಯ ಹೆಸರು ಪಟದ ಈ ತುದಿಯಿಂದ ಆ ತುದಿಗೆ ಹಬ್ಬಿತ್ತು. ಹೋಳಿಗೆ ಬಡಿಸುವ ಹೊತ್ತಿಗೆ ಮೂಲೆಯಲ್ಲಿದ್ದ ಅಂಚೆಚೀಟಿಯಷ್ಟು ಫೋಟೋ ಕಿಟಕಿಯಷ್ಟಾಯಿತು. ನಲವತ್ತು ಊರಿನ ನಕ್ಷೆ ಬೆಂಕಿಪೊಟ್ಟಣದಷ್ಟಾಗಿ ಅವಳ ಭುಜದ ಕೆಳಗೆ ಮುದುಡಿಕೊಂಡಿತು.

ಗಂಡ ಚನ್ನವೀರನದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಶುಭಾಶಯ, ಗೆದ್ದವರಿಗೆ ಅಭಿನಂದನೆ, ಸತ್ತವರಿಗೆ ಶ್ರದ್ಧಾಂಜಲಿ, ಎಲ್ಲ ಅವನ ಯಂತ್ರದಿಂದಲೇ ಹೊರಬರುತ್ತಿದ್ದವು. ಪಟ ನೋಡಿ ಅವನ ಮುಖ ಊರಗಲವಾಯಿತು.

"ಇದಕ್ಕ ಅಂತಾರ ಡಿಸೈನ್! ನಾ ಇಪ್ಪತ್ತ ವರ್ಷದಿಂದ ಇದನ್ನ ಹೇಳಾಕತ್ತೀನಿ. ಮಾರಿ ದೊಡ್ಡದಿರಬೇಕು, ಹೆಸರು ದೊಡ್ಡದಿರಬೇಕು. ಕೆಳಗ ಒಂದೀಟು ‘ಹಿತೈಷಿಗಳು’ ಅಂತ ಹಾಕಿಬಿಟ್ರ ಮುಗೀತು."

"ನಾ ಏನ್ ಇಲೆಕ್ಷನ್‌ಗೆ ನಿಂತೇನೇನ್ರಿ?" ಎಂದಳು ಕಸ್ತೂರಿ. ನಗು ಬಂತು, ಅಳುವೂ ಬಂತು. ಇದ್ದ ಒಂದೇ ಅವಕಾಶವನ್ನು ಅಲ್ಲಿಯೇ ಬಳಸಿ ಪಟವನ್ನು ಮೊದಲಿನಂತೆ ಮಾಡಿದಳು. ಇನ್ನು ತಪ್ಪುವಂತಿರಲಿಲ್ಲ.

ಎರಡನೆಯ ಸಲ ಲ್ಯಾಬಿನಲ್ಲಿಯೇ ಪಳಗಿಸಿದಳು. ಇಲ್ಲಿಯ ಕಣ್ಣುಗಳು ಓದಿದ ಕಣ್ಣುಗಳು. ಸೀರೆ ನೋಡುವುದಿಲ್ಲ, ನಕ್ಷೆ ನೋಡುತ್ತವೆ. ಒಬ್ಬೊಬ್ಬರಾಗಿ ಬಂದು ಕೈಕಟ್ಟಿ ನಿಂತು ನೋಡಿದರು. ಪಟ ಚೆಂದವಾಗಿ ಅರಳಿತು. ಶೀರ್ಷಿಕೆ ಎಷ್ಟು ಬೇಕೋ ಅಷ್ಟು, ಪಟ್ಟಿಯ ಚಿತ್ರ ನಟ್ಟನಡುವೆ, ನಕ್ಷೆ ಮೂರು ಮಾರು ದೂರದಿಂದಲೂ ಕಾಣುವಂತೆ. ಅವಳು ಹತ್ತಿರ ಹೋಗಿ ನೋಡಿದಳು. ಗೆರೆಯ ಮೇಲಿನ ಚುಕ್ಕಿಗಳೆಲ್ಲ ಕಡಲೆಕಾಳಿನಂತೆ ದುಂಡಗಾಗಿದ್ದವು. ಮೇಲೆ ಒಂಟಿಯಾಗಿ ನಿಂತಿದ್ದ ಚುಕ್ಕಿ ಮಾತ್ರ ಕಾಣಲಿಲ್ಲ. ಅದರ ಕೆಳಗಿನ ಸಾಲೂ ಇರಲಿಲ್ಲ.

"ಆ ಚುಕ್ಕಿ ಯಾರೂ ನೋಡಲಿಲ್ಲೇನು?" ಎಂದು ಕೇಳಿದಳು.

ಗೆಳತಿ ಸರೋಜಿನಿ ಅವಳ ಹೆಗಲ ಮೇಲೆ ಕೈಯಿಟ್ಟಳು. "ಬೇಕಂತ ನೋಡಲಿಲ್ಲ ತಂಗಿ. ಅದು ನಿನಗ ಎಷ್ಟು ಕಾಡೇತಿ ಅನ್ನೂದು ನಮಗೇನು ಗೊತ್ತಿಲ್ಲೇನು? ನಾವೆಲ್ಲಾ ಮಾತಾಡಿಕೊಂಡು ಆಕಡೆ ಕಣ್ಣ ಹಾಕಲಿಲ್ಲ. ಈಗ ನೋಡು, ಹೆಂಗ ಹೋತು!"

ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಬಯ್ಯುವುದಾದರೂ ಹೇಗೆ? ಕುಂಟನ ಮುಂದೆ ಕಾಲಿನ ಮಾತು ಎತ್ತಬಾರದೆಂಬ ಸೌಜನ್ಯ ಅವರದು. ಎಲ್ಲರೂ ಹೋದ ಮೇಲೆ ಕಸ್ತೂರಿ ಆ ಬಿಳಿ ಜಾಗವನ್ನು ದಿಟ್ಟಿಸುತ್ತ ನಿಂತಳು. ಕಣ್ಣಲ್ಲಿ ನೀರು ಬರುವವರೆಗೂ ನೋಡಿದಳು. ಪಟ ಮಿಸುಕಲಿಲ್ಲ. ಅವಳ ಕಣ್ಣು ಅದಕ್ಕೆ ಲೆಕ್ಕಕ್ಕಿರಲಿಲ್ಲ. ಸಂಜೆ ಸಂಘಟಕರು ಬಂದು ಮೊಹರು ಹಾಕಿದರು.

"ನೀ ಮುಚ್ಚಿಟ್ಟಿಲ್ಲ, ನಾ ಮುಚ್ಚಿಡಸಿಲ್ಲ" ಎಂದರು ಇನಾಮದಾರರು. ಅವರ ದನಿಯಲ್ಲಿ ನಿರಾಳವಿತ್ತು. "ನೋಡೂ ಮಂದಿ ನೋಡಲಿಲ್ಲ. ಯಾರ ತಪ್ಪು ಹೇಳು?"

ಮನೆಗೆ ಬಂದ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದ ಅತ್ತೆ ನೀಲವ್ವನ ಪಕ್ಕ ಗೋಡೆಗೊರಗಿ ಕೂತಳು. ಹೇಳಬಾರದೆಂದುಕೊಂಡಿದ್ದರೂ ಹೇಳಿದಳು. ಚುಕ್ಕಿ, ಬಿಳಿಗಲ್ಲಕೊಪ್ಪ, ಸಮಿತಿ, ಎಲ್ಲ.

ನೀಲವ್ವ ರೊಟ್ಟಿ ಮಗುಚಿದಳು. "ನಂಗ ನಿನ್ನ ಚುಕ್ಕಿ ತಿಳಿಯೂದಿಲ್ಲವಾ. ಸಾಲಿ ಹುಡುಗರ ನೀರಿನ ಮಾತು ಅಂತೀದಿ. ಸಮಿತಿ ಮುಂದ ಬಾಯಿಬಿಟ್ಟ ಹೇಳಿಬಿಡು."

"ಹೇಳಿದ್ರ ಪಟಾ ಇಳಸ್ತಾರ ಅತ್ತಿ. ಸರ್ ಮುಂದಾಗಿ ಏನರ ಹೇಳಿ ಸಂಭಾಳಿಸ್ತಾರ. ಪಟ್ಟಿ ಹೋಗೂದು ಹೋಗತೈತಿ. ಯಾಕ ತಪ್ಪಿತು ಅಂತ ನೋಡಿ ಹೇಳವರು ಮಾತ್ರ ಒಬ್ಬರೂ ಉಳಿಯೂದಿಲ್ಲ."

"ಹಂಗಾರ ಮೊದಲು ಉಣ್ಣು" ಎಂದಳು ನೀಲವ್ವ. ಅವಳ ಬಳಿ ಎಲ್ಲ ತೊಡಕಿಗೂ ಮೊದಲ ಉತ್ತರ ಅದೇ.

ಸಮ್ಮೇಳನದ ದಿನ ಹಾಲಿನ ತುಂಬ ನೋಟಪಟಗಳು ಉಸಿರಾಡುವಂತೆ ಹಿಗ್ಗುತ್ತ ಕುಗ್ಗುತ್ತ ತೂಗುತ್ತಿದ್ದವು. ಕಸ್ತೂರಿಯ ಪಟದ ಮುಂದೆ ಬೆಳಗಿನಿಂದಲೇ ಗುಂಪು. ಗುಲಾಬಿ ಪಟ್ಟಿಯ ಚಿತ್ರ ಹೂವಿನಂತೆ ಹೊಳೆಯುತ್ತಿತ್ತು. ಪಕ್ಕದ ಪಟದವನಿಗೆ ಮಾತ್ರ ನೊಣ ಹೊಡೆಯುವ ಕೆಲಸವೂ ಇರಲಿಲ್ಲ. ಅವನು ದಾವಲಸಾಬ ನದಾಫ ಎಂಬ ಹುಡುಗ. ಇಳಕಲ್ ಸೀರೆಯ ನೂಲಿಗೆ ದಾಳಿಂಬೆ ಸಿಪ್ಪೆ, ಮಂಜಿಷ್ಠದಂಥ ಗಿಡಮೂಲದ ಬಣ್ಣ ಹಾಕುವುದರ ಮೇಲೆ ಸಂಶೋಧನೆ ಮಾಡುತ್ತಿದ್ದ. ಯಾರೂ ನೋಡದೆ ಅವನ ಪಟ ಕುಗ್ಗಿ ಕುಗ್ಗಿ, ನಡುವೆ ಕೆಂಪು ನೂಲಿನ ಒಂದು ಲಡಿ ಮಾತ್ರ ಉಳಿದಿತ್ತು.

"ಅಕ್ಕಾರ, ನಿಮ್ಮ ಕಡೆ ಜಾತ್ರಿ, ನಮ್ಮ ಕಡೆ ಅಮಾಸಿ" ಎಂದು ಅವನು ನಕ್ಕ. ಕಸ್ತೂರಿಗೆ ನಗುವ ಮನಸ್ಸಿರಲಿಲ್ಲ. ಸಮಿತಿಯವರು ಆಗಲೇ ಹಾಲಿನ ಆ ತುದಿಯ ಪಟಗಳ ಮುಂದೆ ನಿಂತಿದ್ದರು. ಇನಾಮದಾರರು ಅವರ ಜೊತೆಗೇ ಇದ್ದರು.

ಅಷ್ಟರಲ್ಲಿ ಚನ್ನವೀರ ತಾಯಿಯನ್ನು ಕರೆದುಕೊಂಡು ಬಂದ. ಸೊಸೆಯ ಪಟದ ಮುಂದೆ ಅಷ್ಟು ಜನ ಕಂಡು ನೀಲವ್ವನ ಕಣ್ಣು ಅರಳಿತು. ಮರುಗಳಿಗೆಯೇ ಹುಬ್ಬು ಗಂಟಿಕ್ಕಿತು.

"ಎಷ್ಟು ಮಂದಿ ನೋಡಾಕತ್ತಾರ ತಂಗಿ! ಹಿಂಗ ನೋಡಿದ್ರ ಕಲ್ಲೂ ಸೀಳತಾವು. ದೃಷ್ಟಿ ಆಗತೈತಿ. ಬಾ ಇಲ್ಲೆ."

ಕಸ್ತೂರಿಯ ಗದ್ದ ಹಿಡಿದು ಮುಖ ತಿರುಗಿಸಿಕೊಂಡು, ಅವಳ ಕಣ್ಣಂಚಿನ ಕಾಡಿಗೆಯನ್ನು ಉಂಗುರಬೆರಳಿಗೆ ಒರೆಸಿಕೊಂಡಳು. ನಮ್ಮ ಕಡೆ ಕೂಸಿಗೆ ಮಾಡುವುದು ಹಾಗೆಯೇ: ತಾಯಿಯ ಕಣ್ಣಿನ ಕಾಡಿಗೆ, ಕೂಸಿನ ಗಲ್ಲಕ್ಕೆ. ಚೆಂದದ ಮುಖದ ಮೇಲೆ ಒಂದು ಕಪ್ಪು ಬೊಟ್ಟು ಇದ್ದರೆ ನೋಡುವವರ ಮೊದಲ ನೋಟ ಬೊಟ್ಟಿನ ಮೇಲೆ ಬಿದ್ದು ಅಲ್ಲಿಯೇ ಸುಟ್ಟುಹೋಗುತ್ತದಂತೆ. ನೀಲವ್ವ ಬೆರಳನ್ನು ಪಟದ ಗುಲಾಬಿ ಪಟ್ಟಿಯ ಕಡೆಗೆ ಒಯ್ದಳು.

ಮೊದಲ ನೋಟ ಬೊಟ್ಟಿನ ಮೇಲೆ. ಕಸ್ತೂರಿ ಅತ್ತೆಯ ಮಣಿಕಟ್ಟು ಹಿಡಿದಳು.

"ಅಲ್ಲಿ ಬ್ಯಾಡ ಅತ್ತಿ. ಇಲ್ಲೆ ಇಡ್ರಿ."

ನಕ್ಷೆಯ ಮೇಲ್ಗಡೆ, ಏನೂ ಇಲ್ಲದ ಬಿಳಿ ಜಾಗಕ್ಕೆ ಆ ಬೆರಳನ್ನು ತಂದಳು. ನೀಲವ್ವ ಯಾಕೆಂದು ಕೇಳಲಿಲ್ಲ. ಒತ್ತಿ, ಒಂದು ಸುತ್ತು ತಿರುಗಿಸಿ ದುಂಡಗೆ ಬೊಟ್ಟಿಟ್ಟಳು.

ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಸ್ವಯಂಸೇವಕಿಯೊಬ್ಬಳು ಓಡಿ ಬಂದಳು. "ಅಜ್ಜಿ, ಪಟದ ಮೇಲೆ ಬರೀಬಾರದು! ನಿಯಮ ಅದೆ."

"ನಾ ಎಲ್ಲಿ ಬರದೇನಿ? ನನಗ ಬರಿಯಾಕ ಬಂದ್ರ ಇಲ್ಲ್ಯಾಕ ನಿಂದರತಿದ್ದೆ? ಬೊಟ್ಟಿಟ್ಟೇನಿ. ನಿಮ್ಮವ್ವ ನಿನಗ ಇಟ್ಟಿಲ್ಲೇನು?"

ಆ ಹುಡುಗಿ ನಿಯಮದ ಕಾಗದ ತಿರುವಿ ನೋಡಿದಳು. ಅಕ್ಷರ ತಿದ್ದಬಾರದು, ಚಿತ್ರ ಅಂಟಿಸಬಾರದು ಎಂದಿತ್ತು. ದೃಷ್ಟಿಬೊಟ್ಟಿನ ಬಗ್ಗೆ ಯಾವ ಮಹಾನುಭಾವರೂ ಏನೂ ಬರೆದಿರಲಿಲ್ಲ. ಹಿರಿಯರನ್ನು ಕೇಳಿ ಬರುತ್ತೇನೆಂದು ಹೋದವಳು ಎಷ್ಟು ಹೊತ್ತಾದರೂ ಮರಳಲಿಲ್ಲ.

ಕಸ್ತೂರಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಬಂದವರೆಲ್ಲ ಮೊದಲು ನೋಡಿದ್ದು ಆ ಕರಿ ಬೊಟ್ಟನ್ನೇ. "ಇದೇನಿದು, ಕೊಳೆಯಾ?" ಎಂದು ಒಬ್ಬರು ಬಗ್ಗಿದರು. ಇನ್ನೊಬ್ಬರು "ಅಯ್ಯ, ದೃಷ್ಟಿಬೊಟ್ಟು!" ಎಂದು ನಕ್ಕು, ಗೆಳೆಯರನ್ನು ಕರೆದು ತೋರಿಸಿದರು. ಎಲ್ಲರ ಕಣ್ಣೂ ಅಲ್ಲಿಗೇ. ಪಟಕ್ಕೆ ಕಾಡಿಗೆ ಯಾವುದು, ಅಕ್ಷರ ಯಾವುದು ಎಂಬ ಭೇದ ತಿಳಿಯದು. ಜನ ಇಲ್ಲಿ ನೋಡುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಅದು ಆ ಜಾಗದಲ್ಲಿ ತನ್ನ ಬಳಿ ಏನಿದೆಯೆಂದು ಹುಡುಕಿತು. ಬೊಟ್ಟಿನ ಮಗ್ಗುಲಿಗೆ ಮಬ್ಬಾಗಿ ಒಂದು ಚುಕ್ಕಿ ಮೂಡಿತು. ಸಾಸಿವೆಯಷ್ಟಿದ್ದದ್ದು ಮೆಣಸಿನಷ್ಟಾಯಿತು. ಆಮೇಲೆ ಅದರ ಕೆಳಗೆ ಒಂದು ಸಾಲು, ಮೊದಲು ಗೆರೆಯಂತೆ, ಬರಬರುತ್ತ ಅಕ್ಷರಗಳಾಗಿ. ಜನ ಓದತೊಡಗಿದರು. ಓದಿದಷ್ಟೂ ಅದು ಬೆಳೆಯಿತು. ಇಷ್ಟು ದಿನ ಕಸ್ತೂರಿಯೊಬ್ಬಳ ಕಣ್ಣಿಗೆ ಬಿದ್ದದ್ದನ್ನು ಈಗ ಹತ್ತು ಜನ ನೋಡುತ್ತಿದ್ದರು.

"ಈ ಊರಿನಲ್ಲಿ ಪಟ್ಟಿ ತಪ್ಪಿತು. ಯಾಕೆ ಎಂದು ನಮಗೆ ಗೊತ್ತಾಗಿಲ್ಲ."

ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ಧಾರವಾಡದ ಜನ ಸುಮ್ಮನಿರುತ್ತಾರೆಯೇ? ಒಬ್ಬರು ಬಾಟಲಿ ಎಂದರು, ಒಬ್ಬರು ಬಿಸಿಲು ಎಂದರು, ನಿವೃತ್ತ ಮೇಷ್ಟರೊಬ್ಬರು ಗ್ರಹಣದವರೆಗೂ ಹೋದರು. ಗದ್ದಲ ಕೇಳಿ ದಾವಲಸಾಬ ತನ್ನ ಖಾಲಿ ಪಟ ಬಿಟ್ಟು ಬಂದು ಹಿಂದೆ ನಿಂತು ಓದಿದ.

"ಅಕ್ಕಾರ, ಫ್ಲೋರೈಡ್ ಇದ್ರ ಬಣ್ಣ ಬಿಡಬೇಕು. ಇತ್ತು, ಆದ್ರೂ ಬಿಡಲಿಲ್ಲ. ಹೌದಲ್ರಿ?"

"ಹೌದಪಾ."

"ಅಂದ್ರ ಬಣ್ಣಾನ ಯಾರೋ ಹಿಡಕೊಂಡಾರ." ಅವನು ತಲೆ ಕೆರೆದುಕೊಂಡ. "ನಮ್ಮಲ್ಲೆ ನೂಲಿನ ಬಣ್ಣ ಬಿಡಬಾರದು ಅಂತ ಪಟಿಕ ಹಾಕ್ತೀವ್ರಿ. ಆ ಸಾಲ್ಯಾಗ ನೀರಿಗೆ ಪಟಿಕ ಹಾಕ್ತಾರೇನು?"

ಪಟಿಕವೆಂದರೆ ಆಲಂ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಬಿಳಿ ಕಲ್ಲು. ಅದರೊಳಗಿನ ಅಲ್ಯೂಮಿನಿಯಂ ಬಣ್ಣವನ್ನೂ ಬಿಡುವುದಿಲ್ಲ, ಫ್ಲೋರೈಡನ್ನೂ ಬಿಡುವುದಿಲ್ಲ, ಎರಡನ್ನೂ ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ. ಯಂತ್ರಕ್ಕೆ ಹಾಕುವ ನೀರಿಗೆ ಆ ಅಪ್ಪುಗೆ ಬಿಡಿಸುವ ದ್ರಾವಣ ಸೇರಿಸುತ್ತಾರೆ, ಹಾಗಾಗಿ ಯಂತ್ರ ಸರಿಯಾಗಿ ಎಣಿಸುತ್ತದೆ. ಬಡ ಪಟ್ಟಿಗೆ ಅದೆಲ್ಲಿ? ಕಸ್ತೂರಿಗೆ ಇದು ಪುಸ್ತಕದಲ್ಲಿ ಓದಿದ ವಿಷಯವೇ. ಆದರೆ ಅವಳ ತಲೆಯಲ್ಲಿ ಬೋರ್‌ವೆಲ್ ನೀರು ಒಂದು ಕಡೆ, ಬಣ್ಣದವರ ಪಟಿಕ ಇನ್ನೊಂದು ಕಡೆ ಇದ್ದವು. ಅವೆರಡು ಎಂದೂ ಭೇಟಿಯಾಗಿರಲಿಲ್ಲ.

ಬಿಳಿಗಲ್ಲಕೊಪ್ಪದ ಹೆಡ್ಮಾಸ್ತರರಿಗೆ ಫೋನ್ ಹಚ್ಚಿದಳು. ಅದೇ ಹೊತ್ತಿಗೆ ಸಮಿತಿಯವರೂ ಪಟದ ಮುಂದೆ ಬಂದು ನಿಂತರು. ಅಧ್ಯಕ್ಷೆ ಡಾ. ಹುಯಿಲಗೋಳ ಎಂಬ ಹಿರಿಯ ಹೆಣ್ಣುಮಗಳು. ಪಕ್ಕದಲ್ಲಿದ್ದ ಇನಾಮದಾರರ ಮುಖ, ಎದ್ದು ನಿಂತ ಆ ಸಾಲನ್ನು ಓದಿ ಸುಣ್ಣದಂತಾಯಿತು.

"ಪಟಿಕಾ?" ಹೆಡ್ಮಾಸ್ತರರ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು. "ಹಾಕ್ತೀವಲ್ರಿ. ಮಳಿ ಸುರು ಆತಂದ್ರ ನೆಲತೊಟ್ಟಿಗೆ ರಾಡಿ ಇಳೀತೈತಿ. ಒಂದು ತುಂಡು ತಿರುವಿದ್ರ ತಿಳಿ ಆಗತೈತ್ರಿ. ನೀವು ಬಂದ ದಿನಾನೂ ಮಳಿ ಹೊಡೀತಿತ್ತಲ್ಲ? ನೀವು ಬರ್ತೀರಿ ಅಂತ ಅವತ್ತು ಜರಾ ಜಾಸ್ತಿನ ಹಾಕಿಸಿದ್ದೆ."

"ನಿಮ್ಮ ಒಂದ ಸಾಲ್ಯಾಗ ಅಷ್ಟ ಹಾಕ್ತೀರೇನ್ರಿ?"

"ಯವ್ವಾ! ಮಳಿಗಾಲದಾಗ ಪಟಿಕ ಹಾಕದ ಸಾಲಿ ಈ ಕಡೆ ಯಾವುದೈತ್ರಿ?"

ಕಸ್ತೂರಿ ಫೋನನ್ನು ಕಿವಿಯಿಂದ ತೆಗೆಯುವುದನ್ನೂ ಮರೆತು ನಿಂತಳು. ಗುಟ್ಟು ಬಿಚ್ಚಿಕೊಂಡ ಖುಷಿ ಅವಳ ಮುಖಕ್ಕೆ ಬರುವ ಮುಂಚೆಯೇ ಇನ್ನೊಂದು ವಿಚಾರ ಬಂದು ಅದನ್ನು ಒರೆಸಿಹಾಕಿತು.

ಡಾ. ಹುಯಿಲಗೋಳ ಸಾಲನ್ನು ಓದಿ ಮುಗಿಸಿದ್ದರು. "ಗೊತ್ತಾಗಿಲ್ಲ ಅಂತ ಬರದೀರಿ. ಈಗ ಗೊತ್ತಾತು ಅನ್ನಸ್ತದ. ಹೋಗಲಿ, ನಲವತ್ತರಾಗ ಒಂದು ತಪ್ಪಿದ್ರ ದೊಡ್ಡ ಮಾತಲ್ಲ. ಉಳಿದ ಊರಾಗೆಲ್ಲಾ ಸರಿ ಹೇಳೇದಲ್ಲ?"

ಕೇಳಿದ್ದಕ್ಕೆ ಉತ್ತರ ಕೊಡಬಹುದಿತ್ತು. ಕಸ್ತೂರಿ ಗುರುಗಳ ಕಡೆ ನೋಡಿದಳು. ಅವರು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಹತ್ತು ವರ್ಷ.

"ಉಳಿದ ಊರಿನ ನೀರು ನಾ ಶಿವರಾತ್ರಿ, ಯುಗಾದಿ ನಡುವ ತಂದದ್ದು ಮೇಡಂ. ಬಿಸಿಲು ಕಾಲ. ಯಾರೂ ಪಟಿಕ ಹಾಕಿರಲಿಲ್ಲ." ಅವಳು ಚುಕ್ಕಿಯ ಕಡೆ ಬೆರಳು ಮಾಡಿದಳು. "ಬಿಳಿಗಲ್ಲಕೊಪ್ಪ ಒಂದು ಉಳದಿತ್ತು. ಅದನ್ನ ಮಳ್ಯಾಗ ತಂದೆ. ತಪ್ಪಿದ್ದು ನಲವತ್ತರಾಗ ಒಂದಲ್ರಿ. ಮಳಿಗಾಲದ್ದು ಅಂತ ನಮ್ಮ ಹತ್ರ ಇದ್ದದ್ದ ಅದೊಂದು."

ಡಾ. ಹುಯಿಲಗೋಳ ಪಟದಿಂದ ಅವಳ ಕಡೆ ತಿರುಗಿದರು.

"ಅಂದ್ರ ಮಳಿಗಾಲದಾಗ ನಿಮ್ಮ ಪಟ್ಟಿ..."

"ಎಲ್ಲಾ ಸಾಲಿಯೊಳಗೂ ಸುಳ್ಳು ಹೇಳತೈತಿ ಮೇಡಂ. ಈಗ ಒಯ್ಯಬ್ಯಾಡ್ರಿ."

ಡಾ. ಹುಯಿಲಗೋಳ ಆ ಚುಕ್ಕಿಯನ್ನು ಬಹಳ ಹೊತ್ತು ನೋಡಿದರು. ನೋಡಿದಂತೆಲ್ಲ ಅದು ಇನ್ನೂ ದೊಡ್ಡದಾಗುತ್ತಿತ್ತು. ಗುಲಾಬಿ ಪಟ್ಟಿಯ ಚಿತ್ರ ಸರಿದು ಸರಿದು ಅಂಚಿಗೆ ಹೋಗಿತ್ತು. ಕೊನೆಗೆ ಅವರು ಕಸ್ತೂರಿಯ ಕೈ ಹಿಡಿದು ಒಮ್ಮೆ ಅದುಮಿ, ಮುಂದಿನ ಪಟಕ್ಕೆ ನಡೆದರು.

ಚನ್ನವೀರ ಏನೋ ಹೇಳಲು ಬಾಯಿ ತೆರೆದ. ನೀಲವ್ವ ಅವನ ಅಂಗಿ ಹಿಡಿದು ಜಗ್ಗಿದಳು. ಇನಾಮದಾರರು ಸಮಿತಿಯ ಹಿಂದೆ ಹೋಗಲಿಲ್ಲ. ಪಟದ ಮುಂದೆ ನಿಂತೇ ಇದ್ದರು. ಕಸ್ತೂರಿ ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದಳು. ಹತ್ತು ವರ್ಷದ ಬೆಳೆಯನ್ನು ಕಣ್ಣೆದುರೇ ಬಿಟ್ಟುಕೊಟ್ಟವಳನ್ನು ಬೈದರೂ ತಪ್ಪಿಲ್ಲ ಎಂದು ಅವಳಿಗೇ ಅನ್ನಿಸಿತು.

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ದಾವಲಸಾಬನ ಕಡೆ ತಿರುಗಿದರು.

"ಏನಪಾ, ಪಟಿಕ ಹಿಡದ ಬಣ್ಣಾನ ಬಿಡಸೂದು ಹೆಂಗ?"

"ಬಿಡಬಾರದು ಅಂತನ ನಾವು ಹಾಕೂದ್ರಿ ಸರ" ಎಂದ ಅವನು ಗಾಬರಿಯಾಗಿ. "ಬಿಡಸಾಕ ಯಾರೂ ನೋಡಿಲ್ಲ."

"ಯಾರೂ ನೋಡಿಲ್ಲ?" ಮುದುಕರ ಹುಬ್ಬು ಮೇಲೇರಿತು. ಆ ಮುಖದಲ್ಲಿ ಇಂಥ ಕುತೂಹಲವನ್ನು ಕಸ್ತೂರಿ ವರ್ಷಗಳಿಂದ ಕಂಡಿರಲಿಲ್ಲ. "ನಿಂಬಿಹುಳಿ ಹಾಕಿದ್ರ? ಆ ಹುಳಿ ಅಲ್ಯೂಮಿನಿಯಂನ ತನ್ನ ಕಡೆ ಎಳಕೋತದ. ಪಟ್ಟಿ ಮ್ಯಾಲೆ ಮೊದಲ ಒಂದು ಹನಿ ಒಣಗಿಸಿಬಿಟ್ರ? ಕಸ್ತೂರಿ, ಲ್ಯಾಬಿನ ಕೀಲಿ ನಿನ್ನ ಹತ್ರ ಅದನೋ, ನನ್ನ ಹತ್ರನೋ?"

"ನನ್ನ ಹತ್ರ ಐತ್ರಿ ಸರ. ಆದ್ರ ಸಂಜಿತನಕ ಪಟದ ಮುಂದ ನಿಂದರಬೇಕಲ್ರಿ, ನಿಯಮ..."

"ನಿಮ್ಮತ್ತಿ ನಿಂದರತಾರ ತಗೋ" ಎಂದು ಇನಾಮದಾರರು ಆಗಲೇ ಬಾಗಿಲ ಕಡೆ ಹೊರಟಿದ್ದರು. ದಾವಲಸಾಬ ತನ್ನ ಪಟದ ಕೆಳಗಿಟ್ಟಿದ್ದ ಚೀಲದಿಂದ ಪಟಿಕದ ತುಂಡೊಂದನ್ನು ಹುಡುಕಿ ತೆಗೆದುಕೊಂಡು ಅವರ ಹಿಂದೆ ಓಡಿದ. ಕಸ್ತೂರಿ ಅತ್ತೆಯ ಮುಖ ನೋಡಿದಳು.

"ಹೋಗವಾ, ನಾ ಅದೇನಿ" ಎಂದಳು ನೀಲವ್ವ. ಸೆರಗು ಸರಿಮಾಡಿಕೊಂಡು ಪಟದ ಪಕ್ಕ ನೆಟ್ಟಗೆ ನಿಂತು, ಬಂದವರಿಗೆಲ್ಲ ಚುಕ್ಕಿಯನ್ನು ತೋರಿಸತೊಡಗಿದಳು.